ಎಚ್‌ಐವಿ ಸೋಂಕಿತರಿಗೆ ಮೂರ್ಛೆರೋಗದ ಔಷಧಿ

ಎಚ್‌ಐವಿ ಸೋಂಕಿತರಲ್ಲಿ ಮೂರ್ಛೆ, ಅಂದರೆ ಆಡುಮಾತಿನ ಫಿಟ್ಸ್, ಉಳಿದವರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿ ಕುಂದಿದಾಗ ಮಿದುಳಿಗೆ ಬೇರೆ ಸೋಂಕುಗಳು ತಗಲುವುದು ಇದಕ್ಕೆ ದೊಡ್ಡ ಕಾರಣ. ಮಿದುಳಿನ ಕ್ಷಯ, ಕ್ರಿಪ್ಟೊಕಾಕಸ್ ಶಿಲೀಂಧ್ರ ತರುವ ಮಿದುಳುಪೊರೆಯ ಉರಿಯೂತ, ಟಾಕ್ಸೊಪ್ಲಾಸ್ಮಾ ಸೋಂಕು ಇವುಗಳಲ್ಲಿ ಮುಖ್ಯವಾದವು. ಕೆಲವರಲ್ಲಿ ಎಚ್‌ಐವಿ ವೈರಾಣುವೇ ಮಿದುಳನ್ನು ಬಾಧಿಸುತ್ತದೆ. ಆದ್ದರಿಂದ ಮೊದಲು ಕಾರಣವನ್ನು ಹುಡುಕಿ ಅದಕ್ಕೆ ಚಿಕಿತ್ಸೆ ಕೊಡಬೇಕು. ಫಿಟ್ಸ್ ಮರುಕಳಿಸುವ ಸಂಭವವಿದ್ದರೆ ಅದನ್ನು ತಡೆಯುವ ಮಾತ್ರೆಯೂ ಬೇಕಾಗುತ್ತದೆ.

ಆ ಮಾತ್ರೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್ ಹಳೆಯ, ಅಗ್ಗದ, ಫಿಟ್ಸ್ ತಡೆಯುವಲ್ಲಿ ಪಳಗಿದ ಔಷಧಿಗಳು. ಫಿನೋಬಾರ್ಬಿಟೋನ್ 1912ರಿಂದಲೂ ಬಳಕೆಯಲ್ಲಿದೆ. ಆದರೆ ಈ ಮೂರೂ, ದೇಹಕ್ಕೆ ಸೇರಿದ ಔಷಧಿಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತವೆ. ಆಗ ಎಚ್‌ಐವಿ ಮಾತ್ರೆಯ ಅಂಶವೂ ರಕ್ತದಲ್ಲಿ ಬೇಗ ಇಳಿದುಹೋಗುತ್ತದೆ.

ಭಾರತದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಈಗ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಮೇಲಿನ ಔಷಧಿಗಳು ಇದರಲ್ಲಿರುವ ಡೊಲುಟೆಗ್ರಾವಿರ್‌ನ ಮಟ್ಟವನ್ನು ತಗ್ಗಿಸುತ್ತವೆ. ಇದು ರೋಗಿಯ ಗಮನಕ್ಕೆ ಬರುವುದಿಲ್ಲ: ಫಿಟ್ಸ್ ನಿಂತಿರುತ್ತದೆ, ಮಾತ್ರೆ ತಪ್ಪದೆ ನುಂಗುತ್ತಿರುತ್ತಾರೆ, ಆದರೂ ವೈರಾಣು ಮತ್ತೆ ಹೆಚ್ಚಿ ಔಷಧಿಗೆ ಬಗ್ಗದಂತಾಗಬಹುದು. ಕಾರ್ಬಮಜೆಪೀನ್ ಬಿಡಲಾಗದಿದ್ದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ದಿನಕ್ಕೆ ಎರಡು ಸಲ ಕೊಡುವ ಕ್ರಮವಿದೆ. ಬದಲಿ ಔಷಧಿ ಸಿಗುವಲ್ಲಿ ಅದನ್ನೇ ಆರಿಸುವುದು ಉತ್ತಮ.

ಪರಿಣಾಮ ಎದುರು ದಿಕ್ಕಿನಲ್ಲೂ ಆಗುತ್ತದೆ. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್, ಕಾರ್ಬಮಜೆಪೀನ್‌ನ ಮಟ್ಟ ಏರಿಸಿ ತೂಕಡಿಕೆ, ತಲೆಸುತ್ತು, ನಡಿಗೆಯಲ್ಲಿ ತೂರಾಟ ತರಬಹುದು. ರಿಟೊನಾವಿರ್ ಜೊತೆಗೆ ಕೊಡುವ ಅಟಜನಾವಿರ್, ಫಿಟ್ಸ್ ತಡೆಯುವ ಇನ್ನೊಂದು ಔಷಧಿಯಾದ ಲಾಮೋಟ್ರಿಜಿನ್‌ನ ಮಟ್ಟ ಇಳಿಸುತ್ತದೆ. ಇಂಥವರಿಗೆ ಲಾಮೋಟ್ರಿಜಿನ್ ಪ್ರಮಾಣವನ್ನು ಸುಮಾರು ಶೇಕಡಾ 50ರಷ್ಟು ಏರಿಸಬೇಕಾಗಬಹುದು ಎಂದು ಮೂರ್ಛೆರೋಗ ಮತ್ತು ನರರೋಗ ತಜ್ಞರ ಸಂಸ್ಥೆಗಳು 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. ಫಿಟ್ಸ್‌ನ ಮತ್ತೊಂದು ಔಷಧಿ ವಾಲ್ಪ್ರೊಯೇಟ್, ಎಚ್‌ಐವಿ ಔಷಧಿ ಜಿಡೊವುಡಿನ್‌ನ ಮಟ್ಟ ಏರಿಸುವುದರಿಂದ ರಕ್ತಹೀನತೆಯ ಮೇಲೆ ಕಣ್ಣಿಡಬೇಕು.

ಈ ತೊಡಕುಗಳ ನಡುವೆ ಲೆವೆಟಿರಾಸೆಟಮ್ ಹೆಚ್ಚಿನವರಿಗೆ ಒಗ್ಗುವ ಔಷಧಿ. ಅದು ಯಕೃತ್ತಿನ ಆ ಕಿಣ್ವಗಳ ಗೊಡವೆಗೆ ಹೋಗದೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದ, ಮೂತ್ರಪಿಂಡದ ಪರೀಕ್ಷೆ ನೋಡಿ ಲೆವೆಟಿರಾಸೆಟಮ್‌ನ ಪ್ರಮಾಣ ನಿರ್ಧರಿಸಬೇಕು. ಅದರಿಂದ ಸಿಡುಕು, ಖಿನ್ನತೆ ಕಂಡರೆ ಮನೆಯವರು ವೈದ್ಯರಿಗೆ ತಿಳಿಸಬೇಕು. ಲಾಮೋಟ್ರಿಜಿನ್ ಕೂಡ ಒಳ್ಳೆಯ ಆಯ್ಕೆ. ಚರ್ಮದ ಮೇಲೆ ಅಪಾಯದ ದದ್ದು ಏಳದಂತೆ ಅದನ್ನು ವಾರಗಳ ಕಾಲ ಮೆಲ್ಲಗೆ ಏರಿಸಬೇಕು. ಹೆಸರು ಲಾಮಿವುಡಿನ್‌ಗೆ ಹತ್ತಿರವಿರುವುದರಿಂದ ಅಂಗಡಿಯಲ್ಲಿ ಮಾತ್ರೆ ಅದಲುಬದಲಾಗದಂತೆ ನೋಡಿಕೊಳ್ಳಬೇಕು. ವಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ಹಾನಿಕರ. ಗರ್ಭಿಣಿಯಾಗಬಹುದಾದ ಮಹಿಳೆಯರಿಗೆ ಬೇರೆ ದಾರಿಯಿದ್ದಾಗ ಅದನ್ನು ಕೊಡುವುದಿಲ್ಲ.

ಕ್ಷಯವೂ ಇದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಕ್ಷಯದ ಔಷಧಿ ರಿಫಾಂಪಿಸಿನ್ ಕೂಡ ಕಿಣ್ವಗಳನ್ನು ಹೆಚ್ಚಿಸುವುದರಿಂದ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಕ್ಷಯದ ಇನ್ನೊಂದು ಔಷಧಿ ಐಸೋನಿಯಾಜಿಡ್, ಫೆನಿಟಾಯಿನ್‌ನ ಮಟ್ಟ ಏರಿಸುತ್ತದೆ.

ಔಷಧಿ ಬದಲಿಸುವಾಗ ಹಳೆಯದನ್ನು ಒಮ್ಮೆಲೇ ನಿಲ್ಲಿಸಬಾರದು; ಬಿಡದೆ ಬರುವ ಫಿಟ್ಸ್ ಪ್ರಾಣಕ್ಕೆ ಎರವಾದೀತು. ಹೊಸದನ್ನು ಆರಂಭಿಸಿ ಹಳೆಯದನ್ನು ಹಂತಹಂತವಾಗಿ ಇಳಿಸುವುದು ಕ್ರಮ. ಕಿಣ್ವಗಳ ಮೇಲಿನ ಪರಿಣಾಮ ಹಳೆಯದನ್ನು ಬಿಟ್ಟ ಮೇಲೆ ಸುಮಾರು ಎರಡು ವಾರದವರೆಗೂ ಉಳಿಯುವುದರಿಂದ, ಹೆಚ್ಚಿಸಿದ ಡೊಲುಟೆಗ್ರಾವಿರ್ ಅಲ್ಲಿಯವರೆಗೂ ಮುಂದುವರಿಯಬೇಕು. ಬಳಿಕ ರಕ್ತದಲ್ಲಿ ವೈರಾಣುವಿನ ಪ್ರಮಾಣದ ಪರೀಕ್ಷೆ ಮಾಡಿಸಬೇಕು.

ಎಚ್‌ಐವಿ, ಮೂರ್ಛೆರೋಗ ಎರಡನ್ನೂ ಸಂಕೋಚದಿಂದ ಮುಚ್ಚಿಡುವವರು ಅನೇಕರು. ಒಬ್ಬ ವೈದ್ಯರಿಗೆ ಇನ್ನೊಬ್ಬರು ಬರೆದ ಮಾತ್ರೆ ತಿಳಿಯದಿದ್ದರೆ ಸರಿಯಾದ ಆಯ್ಕೆ ಸಾಧ್ಯವಿಲ್ಲ. ನರರೋಗ ವೈದ್ಯರಿಗೂ ಎಆರ್‌ಟಿ ಕೇಂದ್ರಕ್ಕೂ ಎಲ್ಲ ಮಾತ್ರೆಗಳನ್ನು, ಚೀಟಿಗಳನ್ನು ತೋರಿಸಬೇಕು. ಎಚ್‌ಐವಿ ಕುರಿತ ಮಾಹಿತಿಗೆ 1097 ಉಚಿತ ಸಹಾಯವಾಣಿಯಿದೆ.