ನಾದವನ್ನು ಕೈಯಿಂದ ಕಲಿಯುವುದು

(ಹಿರೇಹಂದಿಗೋಳದಲ್ಲಿ ಬೇಸಿಗೆ ಸೂಟಿಯ ದಿನಗಳಲ್ಲಿ ದಯಪಾಲಿಸಿದ ಪ್ರವಚನ)



ಶಾಲೆಗೆ ಸೂಟಿ ಬಿದ್ದಿದೆ. ಈ ಎರಡು ತಿಂಗಳು ಮಕ್ಕಳನ್ನು ಹೇಗೆ ಸಂಭಾಳಿಸಬೇಕೆಂಬುದು ತಾಯಿತಂದೆಗಳ ಚಿಂತೆ. ಕೆಲವರು ಟ್ಯೂಷನ್ನಿಗೆ ಅಟ್ಟುತ್ತಾರೆ. ಕೆಲವರು ಕೈಗೆ ಮೊಬೈಲು ಕೊಟ್ಟು, ಗದ್ದಲ ನಿಂತಿತೆಂದು ಸಮಾಧಾನಪಡುತ್ತಾರೆ. ನಾವು ಇಂದು ಬೇರೊಂದು ದಾರಿಯನ್ನು ತಮ್ಮ ಮುಂದಿಡುತ್ತೇವೆ. ಊರಿನ ಹತ್ತಿಪ್ಪತ್ತು ಮಕ್ಕಳು ಶಾಲೆಯ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಎಂಟು ದಿನ ಕೂಡಲಿ. ಧ್ವನಿಯ ಸಾಮಾನುಗಳನ್ನು ತಾವೇ ಮಾಡಲಿ. ಧ್ವನಿ ಎಂದರೇನೆಂಬುದನ್ನು ಕೈಯಿಂದ, ಕಿವಿಯಿಂದ ತಿಳಿಯಲಿ.

‘ಅದರಿಂದ ಹೊಟ್ಟೆ ತುಂಬೀತೇ?’ ಎಂದು ಕೇಳುವವರುಂಟು. ಬೇರೆ ಸೀಮೆಯವರು ಕೇಳಿದರೆ ಕೇಳಲಿ, ಗದುಗಿನ ಸೀಮೆಯವರು ಕೇಳಬಾರದು. ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಕೂಡ ಕಣ್ಣಿಲ್ಲದವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಲೋಕವು ‘ಇವನಿಂದೇನಾದೀತು’ ಎಂದು ಕೈಬಿಟ್ಟ ಮಗು ತಬಲದ ಮೇಲೆ ಬೆರಳಿಟ್ಟು, ಹಾರ್ಮೋನಿಯಂ ಹಿಡಿದು, ತನ್ನ ಅನ್ನವನ್ನು ತಾನು ದುಡಿದು ಉಣ್ಣುವಂತಾಯಿತು. ಕಿವಿ ಮತ್ತು ಕೈ ಕೂಡಿದರೆ ಕಾಯಕವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಶಿಬಿರಕ್ಕೆ ಹೆಚ್ಚಿನ ಖರ್ಚು ಬೇಡ. ಮೊದಲ ದಿನ ಎರಡು ಖಾಲಿ ಬೆಂಕಿಪೆಟ್ಟಿಗೆ, ಒಂದು ಉದ್ದನೆಯ ದಾರ ಸಾಕು. ದಾರವನ್ನು ಬಿಗಿಯಾಗಿ ಎಳೆದು ಒಬ್ಬನು ಪಿಸುಗುಟ್ಟಿದರೆ ಆ ತುದಿಯವನಿಗೆ ಕೇಳುತ್ತದೆ. ದಾರ ಸಡಿಲಾದರೆ ಕೇಳದು. ನಡುವೆ ಯಾರಾದರೂ ಚಿವುಟಿ ಹಿಡಿದರೂ ಕೇಳದು. ಏಕೆ? ಮಾತು ಪೆಟ್ಟಿಗೆಯನ್ನು ನಡುಗಿಸುತ್ತದೆ, ಪೆಟ್ಟಿಗೆ ದಾರವನ್ನು ನಡುಗಿಸುತ್ತದೆ, ದಾರ ಆಚೆಯ ಪೆಟ್ಟಿಗೆಯನ್ನು ನಡುಗಿಸುತ್ತದೆ. ಧ್ವನಿಯೆಂದರೆ ನಡುಕ. ಇನ್ನು ನಮ್ಮ ಎಲ್ಲಮ್ಮನ ಪದ ಹಾಡುವವರ ಚೌಡಿಕೆಯನ್ನು ನೋಡಿರಿ. ಅಲ್ಲಿಯೂ ಒಂದು ಕಡೆ ಬಿಗಿದ ಚರ್ಮ, ಅದಕ್ಕೆ ಕಟ್ಟಿದ ತಂತಿ. ತಂತಿಯನ್ನು ಮೀಟಿದರೆ ಚರ್ಮ ನಡುಗಿ ನಾದ ಹೊಮ್ಮುತ್ತದೆ. ಹುಡುಗರ ಆಟಿಗೆಯಲ್ಲಿರುವ ಶಾಸ್ತ್ರವೇ ಆ ವಾದ್ಯದಲ್ಲಿಯೂ ಇದೆ. ಚೌಡಿಕೆ ಕಟ್ಟುವ, ಹಲಗೆ ಬಿಗಿಯುವ, ಜಗ್ಗಲಿಗೆ ಮಾಡುವ ಹಿರಿಯರನ್ನು ಶಿಬಿರಕ್ಕೆ ಗುರುಗಳೆಂದು ಕರೆತನ್ನಿರಿ. ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಅವರ ವಾದ್ಯವನ್ನಷ್ಟೇ ಒಳಗೆ ಕರೆಯುವುದು ಶರಣರ ಮಕ್ಕಳಿಗೆ ಸಲ್ಲದು.

ಎರಡನೆಯ ದಿನ ಕೆಟ್ಟುಹೋದ ರೇಡಿಯೋದ ಸ್ಪೀಕರನ್ನು ಬಿಚ್ಚಲಿ. ಒಳಗಿರುವುದು ಇಷ್ಟೇ: ಒಂದು ಅಯಸ್ಕಾಂತ, ತಾಮ್ರದ ತಂತಿಯ ಸುರುಳಿ, ಕಾಗದದ ಬಟ್ಟಲು. ಸುರುಳಿಯ ಎರಡು ತುದಿಗೆ ಬ್ಯಾಟರಿ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ‘ಟಕ್’ ಎಂದು ಬಟ್ಟಲು ಅಲುಗುತ್ತದೆ. ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅದೂ ಅಯಸ್ಕಾಂತವಾಗಿ, ಪಕ್ಕದ ಅಯಸ್ಕಾಂತದೊಡನೆ ಎಳೆದಾಡುತ್ತದೆ. ಅದೇ ಸ್ಪೀಕರಿನ ಮುಂದೆ ಮಾತಾಡಿದರೆ ಕೆಲಸ ತಿರುವಾಗಿ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಸ್ಪೀಕರೇ ಮೈಕು ಆಗುತ್ತದೆ. ಇದನ್ನು ಕಂಡ ಮಗು ಕಾಗದದ ಲೋಟಕ್ಕೆ ತಂತಿ ಸುತ್ತಿ ತನ್ನದೇ ಸ್ಪೀಕರು ಮಾಡದೆ ಬಿಡದು. ಸೆಲ್ಲುಗಳಿಂದ ಮಾತ್ರ ಕೆಲಸ ನಡೆಯಲಿ, ಮನೆಯ ಕರೆಂಟನ್ನು ಮುಟ್ಟಗೊಡಬೇಡಿರಿ. ಹೆಣ್ಣುಮಕ್ಕಳ ಕೈಯಲ್ಲಿಯೂ ಬೆಸುಗೆಯ ಕಡ್ಡಿ ಇರಲಿ.

ಪ್ರಯೋಗವು ಮನೆಯಂಗಳದಿಂದಲೇ ಮೊದಲಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಕಥೆಯೇ ಉಂಟು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ನಡೆಸಿದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ನಮ್ಮ ಭಾಗಕ್ಕೆ ಧಾರವಾಡದ ಕೇಂದ್ರ ಬಂದದ್ದು 1950ರಲ್ಲಿ.

ಒಂದು ದಿನ ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ಯಿರಿ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ, ಎದುರು ಬದಿಯವರ ಕಿವಿಗೆ ಮುಟ್ಟುತ್ತದೆ. ಹೋಗಲಾಗದಿದ್ದರೆ ಮಳೆಗಾಲದ ಮೋಡವೇ ಪಾಠ ಹೇಳುತ್ತದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮಿಂಚಿದ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ. ಹೊಲದಲ್ಲಿದ್ದವರು ಗಿಡದ ಕೆಳಗೆ ನಿಲ್ಲದೆ ಕೂಡಲೇ ಮನೆ ಸೇರಬೇಕು. ಇದು ಜೀವ ಉಳಿಸುವ ಲೆಕ್ಕ.

ಇನ್ನು ಹಿರಿಯರಿಗೆ ಒಂದು ಮಾತು. ಒಳಗಿವಿಯಲ್ಲಿ ಧ್ವನಿಯನ್ನು ಹಿಡಿಯುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಸುಮಾರು 15,000 ಇವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟವು. ಜಾತ್ರೆಯಲ್ಲಿ, ಮದುವೆಯಲ್ಲಿ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ, ಅದರ ಮುಂದೆ ತೊಟ್ಟಿಲ ಕೂಸನ್ನು ಹಿಡಿದು ನಿಲ್ಲುತ್ತೇವಲ್ಲ, ಇದು ಎಂಥ ಭಕ್ತಿ? ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಪೊಲೀಸರು ಬಂದು ಹೇಳುವ ಮೊದಲೇ ಭಕ್ತರಾದ ನಾವು ಅದನ್ನು ಪಾಲಿಸಬೇಡವೆ? ದೇವರಿಗೆ ಕಿವುಡಿಲ್ಲ, ಕಿವುಡಾಗುವವರು ನಮ್ಮ ಮಕ್ಕಳು.

ಮತ್ತೊಂದು ಮಾತು. ಬೆಂಕಿಪೆಟ್ಟಿಗೆಯ ಆಟದಲ್ಲಿ ಎಲ್ಲರಿಗೂ ಕೇಳಿದ ಪಿಸುಮಾತು ಒಂದು ಮಗುವಿಗೆ ಮಾತ್ರ ಕೇಳದಿದ್ದರೆ ನಗಬೇಡಿರಿ. ಆ ಮಗುವನ್ನು ಶಾಲೆಯಲ್ಲಿ ದಡ್ಡನೆಂದು, ಮನೆಯಲ್ಲಿ ಹಟಮಾರಿಯೆಂದು ಬೈಯುತ್ತಿರಬಹುದು. ಅದು ಹೇಳಿದ ಮಾತು ಕೇಳದ ಮಗುವಲ್ಲ, ಹೇಳಿದ್ದು ಕೇಳಿಸದ ಮಗು. ತಡಮಾಡದೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಡೀ ಶಿಬಿರದಿಂದ ಇಂಥ ಒಂದು ಮಗುವಿನ ಬಾಳು ಬೆಳಗಿದರೂ ಎಂಟು ದಿನದ ಶ್ರಮ ಸಾರ್ಥಕ.

ಆದುದರಿಂದ ಮಗು ರೇಡಿಯೋ ಬಿಚ್ಚಿತೆಂದು ಕೈಯೆತ್ತದಿರಿ. ಅದನ್ನು ಮರಳಿ ಜೋಡಿಸಲು ಜೊತೆಗೆ ಕುಳಿತುಕೊಳ್ಳಿರಿ. ನಮ್ಮ ಮಕ್ಕಳ ಕೈ ಕುಶಲವಾಗಲಿ, ಕಿವಿ ಸೂಕ್ಷ್ಮವಾಗಲಿ, ಒಬ್ಬರ ಮಾತನ್ನು ಒಬ್ಬರು ತಾಳ್ಮೆಯಿಂದ ಕೇಳುವ ಗುಣ ಈ ಊರಿನಲ್ಲಿ ಬೆಳೆಯಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.