ಕೆರೆಯ ಕಿರುಮೀನು, ಗಾಳ ಮತ್ತು ಎರೆ

ತಿಪಟೂರೆಂದರೆ ಕೊಬ್ಬರಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೆಂದರೂ ತೆಂಗೇ. ಪಟ್ಟಣವಾಸಿಗಳಾದ ಶ್ರೋತೃಗಳಿಗೆ ರೈಲಿನ ಕಿಟಕಿಯಿಂದ ಕಾಣುವುದು ಆ ತೋಟಗಳು ಮಾತ್ರ. ತೋಟದ ಮೇಲ್ಗಡೆ ಒಂದು ಏರಿ, ಏರಿಯ ಹಿಂದೆ ಒಂದು ಕೆರೆ ಇರುವುದನ್ನು ಅವರು ಗಮನಿಸುವುದು ಅಪೂರ್ವ. ಮಲ್ಲಾಘಟ್ಟದಂಥ ಹಿರಿಯ ಕೆರೆಯಿಂದ ಹಿಡಿದು ಹೆಸರಿಲ್ಲದ ಕಟ್ಟೆಯವರೆಗೆ, ನೀರಿದ್ದ ಕಡೆ ಗಾಳ ಹಿಡಿದು ಕುಳಿತವನೊಬ್ಬನು ಕಾಣಸಿಗುತ್ತಾನೆ. ಈ ದಿನ ನಾನು ಹೇಳಹೊರಟಿರುವುದು ಅವನ ವಿದ್ಯೆಯನ್ನು.

ಉಪಕರಣಗಳು ಬಹಳ ಸರಳ. ಆಳುದ್ದಕ್ಕಿಂತ ತುಸು ಹೆಚ್ಚಿನ ಸಪೂರವಾದ ಬಿದಿರ ಕೋಲು. ಕೋಲಿನಷ್ಟೇ ಉದ್ದದ ದಾರ. ತೇಲುವುದಕ್ಕೆ ನವಿಲುಗರಿಯ ದಂಟಿನ ತುಂಡು. ಕೊಕ್ಕೆಗೆ ಒಂದು ಗೇಣು ಮೇಲೆ ಜೋಳದ ಕಾಳಿನಷ್ಟು ಸೀಸ. ಕೊಕ್ಕೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಕು. ಗೆಂಡೆ, ಪಕ್ಕೆ, ಜಿಲೇಬಿಗಳ ಬಾಯಿ ಚಿಕ್ಕದು. ಅಂಗಡಿಯವರ ಲೆಕ್ಕದಲ್ಲಿ ಸಂಖ್ಯೆ ಏರಿದಂತೆ ಕೊಕ್ಕೆ ಕಿರಿದಾಗುತ್ತದೆ. 10 ಅಥವಾ 12ನೆಯದು ಸಾಕು. ದೊಡ್ಡ ಕೊಕ್ಕೆಯನ್ನು ಕಟ್ಟಿದವನು ಮೀನುಗಳಿಗೆ ಧರ್ಮಾರ್ಥವಾಗಿ ಅನ್ನಸಂತರ್ಪಣೆ ಮಾಡುತ್ತಾನೆ, ಅಷ್ಟೇ.

ಎರೆ ಎಂಬ ಮಾತಿಗೆ ಮೀನಿಗೊಡ್ಡುವ ಆಹಾರವೆಂಬ ಅರ್ಥವುಂಟು. ಎರೆಹುಳುವಿಗೆ ಹೆಸರಿಟ್ಟವರು ಗಾಳ ಹಾಕುವವರೇ ಇರಬೇಕೆಂದು ನನಗೆ ತೋರುತ್ತದೆ. ತೆಂಗಿನ ಪಾತಿಯ ತೇವದ ಮಣ್ಣನ್ನು ಕೆದಕಿದರೆ ಅದು ಸಿಕ್ಕುತ್ತದೆ. ಇಡೀ ಹುಳುವನ್ನು ಪೋಣಿಸದೆ, ಕೊಕ್ಕೆಯ ಮೊನೆ ಮುಚ್ಚುವಷ್ಟು ತುಂಡನ್ನು ಮಾತ್ರ ಪೋಣಿಸಬೇಕು. ಜೋಲುವ ಬಾಲವನ್ನು ಪಕ್ಕೆಗಳು ಕಚ್ಚಿಕೊಂಡು ಓಡುತ್ತವೆ. ಜಿಲೇಬಿಗೆ ಹಿಟ್ಟಾದರೂ ಆದೀತು. ಗಟ್ಟಿಯಾಗಿ ನಾದಿದ ಹಿಟ್ಟಿಗೆ ಕೊಬ್ಬರಿಹಿಂಡಿಯ ಪುಡಿಯನ್ನು ಬೆರೆಸಿ ಮೆಣಸಿನ ಕಾಳಿನಷ್ಟು ಉಂಡೆ ಮಾಡಬೇಕು. ಅದೇ ಹಿಂಡಿಯ ಒಂದು ಹಿಡಿಯನ್ನು ಮೊದಲೇ ನೀರಿಗೆ ಎರಚಿದರೆ ಮೀನು ನೆರೆಯುತ್ತದೆ. ಗೊಬ್ಬರದ ಗುಂಡಿಯಲ್ಲಿ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿ ಸಿಕ್ಕಿದರೆ ಅದನ್ನು ದೊಡ್ಡ ಮೀನಿಗೆ ಒಡ್ಡಬಹುದು, ತೋಟಗಾರನಿಗೂ ಉಪಕಾರವಾದೀತು.

ಜಿಲೇಬಿ ನಮ್ಮ ಮೀನಲ್ಲ. ಆಫ್ರಿಕದ ಈ ತಿಲಾಪಿಯ ಭಾರತಕ್ಕೆ ಬಂದುದು 1952ರಲ್ಲಿ. ಗಂಡು ತಳದಲ್ಲಿ ಗುಳಿ ತೋಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಹೀಗಾಗಿ ಉಳಿಯುವ ಸಂತಾನ ಹೆಚ್ಚು. ಆಹಾರ ಸಾಲದೆ, ಅಂಗೈ ಮೀರಿ ಬೆಳೆಯದ ಮೀನುಗಳೇ ಕೆರೆಯನ್ನು ತುಂಬುವುದುಂಟು. ಅಮೆರಿಕದ ಮಕ್ಕಳು ಗಾಳ ಕಲಿಯುವ ಬ್ಲೂಗಿಲ್ ಎಂಬ ಕಿರುಮೀನು ಜಪಾನಿನ ಸರೋವರಗಳಲ್ಲಿ ಇಂಥದೇ ಹಾವಳಿ ಮಾಡಿತು. 1960ರಲ್ಲಿ ಶಿಕಾಗೋ ನಗರದಿಂದ ಅದನ್ನು ಉಡುಗೊರೆಯಾಗಿ ತಂದವರು ಆಗಿನ ಯುವರಾಜ ಅಕಿಹಿತೊ. ಚಕ್ರವರ್ತಿಯಾಗಿದ್ದಾಗ, 2007ರಲ್ಲಿ, ಅದಕ್ಕಾಗಿ ಬಹಿರಂಗವಾಗಿಯೇ ನೊಂದು ನುಡಿದರು. ಆದುದರಿಂದ ಜಿಲೇಬಿಯನ್ನು ಬುಟ್ಟಿ ತುಂಬ ಹಿಡಿದರೂ ನಾನು ಆಕ್ಷೇಪಿಸುವವನಲ್ಲ.

ಕೊರವನ ಮಾತು ಬೇರೆ. ಅದು ನಮ್ಮ ಕೆರೆಗಳ ಹಳೆಯ ಒಕ್ಕಲು. ಮಳೆಗಾಲದಲ್ಲಿ ಅದರ ಕೆಂಪು ಮರಿಗಳು ಗುಂಪುಕಟ್ಟಿ, ಗಾಳಿ ಸೇವಿಸಲು ಮತ್ತೆ ಮತ್ತೆ ಮೇಲೇಳುತ್ತವೆ. ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಕೆಲವರು ಆ ಗುಂಪಿನ ನಡುವೆಯೇ ಕಪ್ಪೆಮರಿ ಕಟ್ಟಿದ ಗಾಳವನ್ನು ಇಳಿಬಿಡುತ್ತಾರೆ. ಹಸಿವಿಲ್ಲದಿದ್ದರೂ ಮರಿಗಳ ರಕ್ಷಣೆಗೆಂದು ದೊಡ್ಡ ಮೀನು ಅದಕ್ಕೆ ಎರಗಿ ಸಿಕ್ಕಿಬೀಳುತ್ತದೆ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳೂ ಹಕ್ಕಿಗಳೂ ತಿಂದುಹಾಕುತ್ತವೆ. ಇದನ್ನು ಜಾಣತನವೆಂದು ಹೊಗಳಿಕೊಳ್ಳುವವರನ್ನು ಕಂಡಿದ್ದೇನೆ. ನನಗದು ಬೇಟೆಯೆಂದೇ ತೋರುವುದಿಲ್ಲ. ನೀರಿನ ಮೇಲೆ ಕೆಂಪು ಮರಿಗಳು ಕುದಿಯುವಂತೆ ಕಂಡರೆ ಕೋಲನ್ನೆತ್ತಿಕೊಂಡು ಇಪ್ಪತ್ತು ಮಾರು ಆಚೆ ಹೋಗಿ ಕುಳಿತುಕೊಳ್ಳಿ. ಅಲ್ಲಿಯೂ ಗೆಂಡೆ ಇರುತ್ತದೆ.