ಹರಿಗೋಲಿನಲ್ಲಿ ಒಂದು ಹಗಲು

ಪುರಂದರದಾಸರು ದೇಹವನ್ನು ಹರಿಗೋಲಿಗೂ ಭಗವಂತನನ್ನು ಅಂಬಿಗನಿಗೂ ಹೋಲಿಸಿ ಹಾಡಿದ ಕೀರ್ತನೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವನು ನಾನು. ಆದರೆ ಹರಿಗೋಲಿನಲ್ಲಿ ಕುಳಿತದ್ದು ನಿವೃತ್ತನಾದ ಮೇಲೆ, ಚೈತ್ರದ ಒಂದು ದಿನ, ಕೊಡಗಿನ ದುಬಾರೆಯ ಬಳಿ.

ಹೂಮಳೆ ಬಿದ್ದು ಹತ್ತು ದಿನವಾಗಿತ್ತು. ತೋಟಗಳಲ್ಲಿ ಬೆಳ್ಳಗೆ ಅರಳಿದ ಕಾಫಿ ಹೂವಿನ ಪರಿಮಳ ನೀರಿನ ಮೇಲೆ ತೇಲಿ ಬರುತ್ತಿತ್ತು. ಬಿಸಿಲು ಹಿತವಾಗಿತ್ತು, ಯಾರಿಗೂ ಅವಸರವಿರಲಿಲ್ಲ. ಕಾವೇರಿ ಬಂಡೆಗಳ ನಡುವೆ ಸೊರಗಿ, ಕಾಲುವೆಯಷ್ಟು ಕಿರಿದಾಗಿ ಹರಿಯುತ್ತಿದ್ದಳು.

ಹರಿಗೋಲೆಂದರೆ ದುಂಡನೆಯ ಬಿದಿರು ಬುಟ್ಟಿ. ಅದರ ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಟಾರು. ಅದಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಅಂಬಿಗ ಹುಟ್ಟು ಹಾಕುವ ಕಡೆಯೇ ಮುಂದು. ಆತ ಕೈ ನಿಲ್ಲಿಸಿದೊಡನೆ ಅದು ತನ್ನಷ್ಟಕ್ಕೆ ತಿರುಗತೊಡಗಿತು. ದಡ, ಮರ, ಆಕಾಶ ಎಲ್ಲವೂ ಸುತ್ತಿದವು. ನಾನು ಅಂಚನ್ನು ಬಿಗಿಯಾಗಿ ಹಿಡಿದೆ.

“ಹೆದರಬೇಡಿ ಸಾರ್, ಇಲ್ಲಿ ಸೊಂಟದಷ್ಟೂ ನೀರಿಲ್ಲ” ಎಂದು ಆತ ನಕ್ಕ. ಮರುಕ್ಷಣ ದಡದ ಹೊಳೆಮತ್ತಿಯ ಕೊಂಬೆಯೊಂದನ್ನು ತೋರಿಸಿದ: “2018ರ ಆಗಸ್ಟಿನಲ್ಲಿ ಹೊಳೆ ಅಲ್ಲಿತ್ತು.” ಆಗ ಆತನ ಮುಖದಲ್ಲಿ ನಗುವಿರಲಿಲ್ಲ. ಆ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳು ಮಣ್ಣುಪಾಲಾದದ್ದನ್ನು ನಾವಾರೂ ಮರೆತಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆತ ಮತ್ತೆ ಹುಟ್ಟು ಹಾಕಿದ, ಸುತ್ತು ನಿಂತಿತು.

ಆ ಕೀರ್ತನೆಯನ್ನು ನಾನು ವಿದ್ಯಾರ್ಥಿಗಳಿಗೆ ರೂಪಕವೆಂದು ಬರೆಸಿದ್ದೆ. ತಪ್ಪೇನಲ್ಲ. ಆದರೆ ದಾಸರ ದನಿಯೊಳಗಿನ ಅಳುಕನ್ನು ಬರೆಸಿರಲಿಲ್ಲ. ಆ ಬಾಕಿಯನ್ನು ಇಂದು ನಿಮ್ಮ ಮುಂದೆ ತೀರಿಸಿದ್ದೇನೆ.